ಮೊಳೆ ಕಾಣದ ರೇಲಿಂಗ್

ರೇಷ್ಮೆ ಹುಳ ಮೂರನೇ ಜ್ವರಕ್ಕೆ ಕೂತ ದಿನವೇ ಅಶ್ವತ್ಥಮ್ಮನಿಗೆ ಮೆಟ್ಟಿಲಿಗೊಂದು ರೇಲಿಂಗ್ ಬೇಕು ಅನ್ನಿಸಿತು. ಬೆಳಗಿನ ತಿಂಡಿಗೆ ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಸೊಸೆ ಸುನಂದ ಚಿತ್ರಾನ್ನ ಬಡಿಸುತ್ತಿದ್ದಳು.

“ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಯ್ತು. ಇನ್ನು ಮೆಟ್ಲು ಹತ್ತಬಹುದು ಅಂದವ್ರೆ ಕೋಲಾರದ ಡಾಕ್ಟ್ರು. ಕೈಗೆ ಹಿಡ್ಕೊಳ್ಳೋಕೆ ಏನಾದ್ರೂ ಇರ್ಬೇಕಂತೆ,” ಅಂದರು ಅಶ್ವತ್ಥಮ್ಮ, ಮಗನ ಕಡೆ ತಿರುಗಿ. “ಆ ಶ್ರೀನಿವಾಸಪುರದ ಬಡಗಿಗೆ ಒಂದು ಫೋನ್ ಮಾಡು ವೇಣು.”

ವೇಣುಗೋಪಾಲ್ ಬಾಯಲ್ಲಿದ್ದ ತುತ್ತು ನುಂಗುವಷ್ಟರಲ್ಲಿ ಸುನಂದ ಮಾತಾಡಿದಳು.

“ಹುಳ ಜ್ವರದಲ್ಲಿದೆ ಅತ್ತೆ. ಈಗ ಗೋಡೆ ಕೊರೆಯೋ ಹಾಗಿಲ್ಲ. ಬೆಳೆ ಇಳೀಲಿ, ಆಮೇಲೆ ನೋಡೋಣ.”

ಮಾವ ಕೋದಂಡರಾಮಪ್ಪ ತಟ್ಟೆಯಲ್ಲಿ ಕರಿಬೇವು ಹುಡುಕತೊಡಗಿದರು. ಈ ಮಾತು ಈ ಮನೆಯಲ್ಲಿ ಹಿಂದೆಯೂ ಒಂದು ಸಲ ಬಂದಿತ್ತು. ಆಗ ಆಡಿದವರು ಅಶ್ವತ್ಥಮ್ಮ. ಸುನಂದ ಈಗ ಅದನ್ನು ಒಂದಕ್ಷರ ಬದಲಿಸದೆ ವಾಪಸ್ ಕೊಟ್ಟಿದ್ದಳು.

ಸುಗಟೂರಿನ ಆ ಮನೆಯಲ್ಲಿ ಕೆಳಗೆ ಸಂಸಾರ, ಮಹಡಿ ಮೇಲೆ ರೇಷ್ಮೆ ಹುಳ. ನಡುವೆ ಹದಿನೇಳು ಮೆಟ್ಟಿಲು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಒಂದು ದಿನ ಸುಮ್ಮನಿರುತ್ತದೆ. ಅದಕ್ಕೇ ಜ್ವರ ಅನ್ನುವುದು. ಆ ಹೊತ್ತಲ್ಲಿ ಗೋಡೆ ಅದುರಬಾರದು, ಹುಳದ ತಟ್ಟೆ ಅಲುಗಬಾರದು. ಅದು ನಿಜ. ಸುಳ್ಳಾಗಿದ್ದು ಎಂಟು ವರ್ಷದ ಹಿಂದೆ.

ಆಗ ಸುನಂದಳಿಗೆ ಐದು ತಿಂಗಳು ತುಂಬಿತ್ತು. ಮಗಳು ಮೇಘನಳಿಗೆ ಆರು ವರ್ಷ. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಹೊತ್ತುಕೊಂಡು ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಬೇಕು. ಹಿಡಿದುಕೊಳ್ಳೋಕೆ ಏನಾದರೂ ಹಾಕಿಸಿ ಅಂತ ಕೇಳಿದಳು. ವೇಣುಗೋಪಾಲ್ ಅದೇ ಶ್ರೀನಿವಾಸಪುರದ ಬಡಗಿ ಚನ್ನರಾಯಪ್ಪನಿಗೆ ಹೇಳಿ ಮಾಲೂರಿನ ಕಾರ್ಖಾನೆಗೆ ಪಾಳಿಗೆ ಹೋದ. ಚನ್ನರಾಯಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಅಶ್ವತ್ಥಮ್ಮ ಅವನನ್ನು ಗೇಟಿನಿಂದ ಒಳಕ್ಕೆ ಬಿಡಲಿಲ್ಲ. ಹುಳ ಜ್ವರದಲ್ಲಿದೆ, ಬೆಳೆ ಇಳಿದ ಮೇಲೆ ಬಾ ಅಂತ ಕಳಿಸಿಬಿಟ್ಟರು. ಹುಳ ಜ್ವರದಿಂದ ಎದ್ದು ಆಗಲೇ ಎರಡು ದಿನವಾಗಿತ್ತು. ತಾವು ಮೂವತ್ತು ವರ್ಷ ಬರಿಗೈಯಲ್ಲಿ ಹತ್ತಿಳಿದ ಮೆಟ್ಟಿಲಿಗೆ ನಿನ್ನೆ ಮೊನ್ನೆ ಬಂದವಳು ಆಸರೆ ಕೇಳುವುದು ಅವರಿಗೆ ಸಹಿಸಲಾಗಲಿಲ್ಲ, ಅಷ್ಟೇ ವಿಷಯ. ಅದಾದ ಆರನೇ ದಿನ ಸುನಂದ ಮಂಕರಿ ಸಮೇತ ಉರುಳಿದಳು. ಮಗು ಉಳಿಯಲಿಲ್ಲ. ಗಂಡು ಅಂತ ಆಸ್ಪತ್ರೆಯಲ್ಲಿ ಹೇಳಿದರು.

ನೋಡಲು ಬಂದವರಿಗೆಲ್ಲ ಅಶ್ವತ್ಥಮ್ಮ ಎರಡು ಮಾತು ಹೇಳಿದರು. ಫೋನ್ ನೋಡಿಕೊಂಡು ಹತ್ತುತ್ತಿದ್ದಳು, ಜಾರಿದಳು. ಬಡಗಿಗೆ ಹೇಳಿದ್ದೆವು, ಆ ಮನುಷ್ಯ ಬರಲೇ ಇಲ್ಲ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದನ್ನು ಸುನಂದ ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಡಗಿ ಬಂದು ಹೋಗಿದ್ದು ಅವಳಿಗೆ ತಿಳಿದದ್ದು ತಿಂಗಳುಗಳಾದ ಮೇಲೆ, ಸಂತೆಯಲ್ಲಿ, ಚನ್ನರಾಯಪ್ಪನ ಬಾಯಿಂದಲೇ. ವೇಣುಗೋಪಾಲ್ ಅಮ್ಮನನ್ನು ಕೇಳಿದ. ಅಮ್ಮ ದೀಪ ಮುಟ್ಟಿ ಆಣೆ ಇಟ್ಟರು. ಚನ್ನರಾಯಪ್ಪನನ್ನು ಕೇಳಿದರೆ, “ನಾಲ್ಕು ಮನೆ ಕೆಲಸ ಮಾಡಿ ಬದುಕೋನು, ನನ್ನ ಮಧ್ಯೆ ಎಳೀಬೇಡಿ” ಅಂತ ಕೈ ಮುಗಿದ. ಅಲ್ಲಿಗೆ ಮುಗಿಯಿತು ಅಂತ ಮನೆಯವರು ತಿಳಿದರು. ಸುನಂದಳಿಗೆ ಮುಗಿಯಲಿಲ್ಲ. ಬಡಗಿಯನ್ನು ಕಳಿಸಿದ್ದು ನಾನೇ ಅಂತ ಅತ್ತೆ ತಮ್ಮ ಬಾಯಿಂದಲೇ, ಎಲ್ಲರ ಮುಂದೆ ಹೇಳಬೇಕು. ಅವಳಿಗೆ ಬೇಕಾಗಿದ್ದು ಅದೊಂದೇ.

ಹುಳ ಜ್ವರದಿಂದ ಎದ್ದವು. ಅಶ್ವತ್ಥಮ್ಮ ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಮೇಲಕ್ಕೆ ಕೂಗಿದರು.

“ಎಲ್ಲಾ ಒಟ್ಟಿಗೆ ಎದ್ವೇನೇ?”

“ಹೂಂ.”

“ಸುಣ್ಣದ ಪುಡಿ ಉದುರಿಸಿದ್ಯಾ?”

“ಹೂಂ.”

“ಮೂಲೆ ತಟ್ಟೇಲಿ ಹೆಂಗಿದೆ? ಅಲ್ಲಿ ಗಾಳಿ ಆಡಲ್ಲ ನೋಡು.”

ಇದಕ್ಕೆ ಉತ್ತರ ಬರಲಿಲ್ಲ. ಮೂಲೆ ತಟ್ಟೆಯ ಸಂಗತಿ ತಿಳಿಯದೆ ಅಶ್ವತ್ಥಮ್ಮ ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟರು. ಮೂವತ್ತೆಂಟು ವರ್ಷ ಹುಳ ಮೇಯಿಸಿದ ಹೆಂಗಸು. ಹೋಳೂರಿನವರೆಗೂ ಯಾರ ಮನೆಯ ಹುಳ ಸೊರಗಿದರೂ ಅವರನ್ನು ಗಾಡಿ ತಂದು ಕರೆದೊಯ್ಯುತ್ತಿದ್ದರು. ಈಗ ತಲೆ ಮೇಲಿನ ಹುಳ ಹೇಗಿದೆ ಅನ್ನುವುದಕ್ಕೆ ಸೊಸೆಯ ಹೂಂ ಒಂದೇ ಗತಿ. ಮಗ ಎತ್ತಿಕೊಂಡು ಹೋಗ್ತೀನಿ ಅಂದಿದ್ದ. ನಾನೇನು ಹೆಣವಾ ಅಂತ ಬೈದಿದ್ದರು.

ಎರಡು ದಿನ ಕಳೆದು ಮೇಘನ ಶಾಲೆಯಿಂದ ಬಂದವಳು, ಅಜ್ಜಿ ಗೋಗರೆದರು ಅಂತ ಎಲೆ ಮೇಲೆ ಎರಡು ಹುಳ ಇಟ್ಟುಕೊಂಡು ಇಳಿದಳು. ಅಶ್ವತ್ಥಮ್ಮ ಕನ್ನಡಕ ಏರಿಸಿ, ಹುಳವನ್ನು ಬೆಳಕಿಗೆ ಹಿಡಿದು, ಬೆನ್ನು ಸವರುತ್ತಿದ್ದರು. ಮುಖದಲ್ಲಿ ಎಷ್ಟೋ ದಿನಕ್ಕೆ ಸ್ವಲ್ಪ ಕಳೆ ಬಂದಿತ್ತು. ಸುನಂದ ಹಿತ್ತಲಿಂದ ಬಂದವಳು ನೋಡಿದಳು.

“ತಟ್ಟೆ ಬಿಟ್ಟ ಹುಳ ಮತ್ತೆ ತಟ್ಟೆಗೆ ಹೋಗಬಾರದು, ರೋಗ ಅಂಟುತ್ತೆ ಅಂತ ನೀವೇ ಕಲಿಸಿದ್ದು ಅತ್ತೆ,” ಅಂದವಳೇ ಎಲೆ ಸಮೇತ ಕಿತ್ತುಕೊಂಡು ಕೋಳಿಗಳ ಮುಂದೆ ಎಸೆದಳು.

“ಎರಡು ಹುಳಕ್ಕೆ ಇಷ್ಟೊಂದು ಮಾಡ್ಬೇಕಾ ಅಮ್ಮ?” ಅಂದಳು ಮೇಘನ.

“ನೀನು ಓದ್ಕೋ ಹೋಗು.”

ಕೋದಂಡರಾಮಪ್ಪ ಜಗಲಿಯಿಂದ, “ಪೋನೀಲೇ, ಪೋನೀಲೇ,” ಅಂದರು. ಬಿಟ್ಟುಬಿಡು ಅನ್ನುವುದನ್ನು ತೆಲುಗಿನಲ್ಲಿ ಹೇಳುವುದು ಅವರ ರೂಢಿ. ನಲವತ್ತು ವರ್ಷದ ಸಂಸಾರವನ್ನು ಆ ಒಂದು ಮಾತಿನಲ್ಲೇ ತಳ್ಳಿದ ಮನುಷ್ಯ.

ಮುಂದಿನ ವಾರ ಅಶ್ವತ್ಥಮ್ಮ ಮತ್ತೆ ರೇಲಿಂಗ್ ಎತ್ತಿದರು. ಸುನಂದ ನಾಲ್ಕನೇ ಜ್ವರ ಅಂದಳು. ಅದು ಮುಗಿದ ಮೇಲೆ, ಗೋಡೆ ಕೊರೆದ ಧೂಳು ಸೊಪ್ಪಿನ ಮೇಲೆ ಕೂತರೆ ಹುಳ ತಿನ್ನಲ್ಲ ಅಂದಳು. ಅದರ ಮುಂದಿನ ವಾರ ಹುಳ ಹಣ್ಣಾಗಿದೆ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಟ್ಟಿದೀನಿ, ಈ ಹೊತ್ತಲ್ಲಿ ಸದ್ದಾಗಬಾರದು ಅಂದಳು. ಒಂದೂ ಸುಳ್ಳಲ್ಲ. ಎಲ್ಲವನ್ನೂ ಅತ್ತೆಯೇ ಕಲಿಸಿದ್ದು.

ಭಾನುವಾರ ಹಿತ್ತಲಲ್ಲಿ ಬಟ್ಟೆ ಹಿಂಡುವಾಗ ವೇಣುಗೋಪಾಲ್ ಹೆಂಡತಿಯನ್ನು ಹಿಡಿದ.

“ನೀನು ಅಮ್ಮನ ಮೇಲೆ ಹಗೆ ತೀರಿಸ್ಕೊತಾ ಇದೀಯ.”

“ಹೌದು ರೀ.”

ಇಲ್ಲ ಅಂತಾಳೆ, ಆಮೇಲೆ ಜಗಳಕ್ಕೆ ನಿಲ್ಲೋಣ ಅಂತ ಅವನು ತಯಾರಾಗಿ ಬಂದಿದ್ದ.

“ವಯಸ್ಸಾದೋರು ಕಣೆ.”

“ಅವತ್ತು ಇಷ್ಟು ವಯಸ್ಸಾಗಿರ್ಲಿಲ್ಲ.”

“ದೀಪ ಮುಟ್ಟಿ ಆಣೆ ಇಟ್ರಲ್ಲ, ಇನ್ನೇನು ಮಾಡ್ಬೇಕು?”

“ಅವರು ಆಣೆ ಇಟ್ರು, ಅವರದ್ದು ನಿಜ ಆಯ್ತು. ನಾನು ಇಡಲಿಲ್ಲ, ನಂದು ಸುಳ್ಳಾಯ್ತು. ಆ ಕಡೆ ತುದಿ ಹಿಡ್ಕೊಳ್ಳಿ, ಸೀರೆ ನೆಲಕ್ಕೆ ತಾಗ್ತಿದೆ.”

ಅವನು ಹಿಡಿದುಕೊಂಡ. ಅದಕ್ಕಿಂತ ಹೆಚ್ಚಿನದು ಅವನಿಂದ ಎಂದೂ ಆಗಿರಲಿಲ್ಲ.

ಗೂಡು ಬಿಡಿಸಿ ಕೋಲಾರದ ಮಾರುಕಟ್ಟೆಗೆ ಹಾಕಿ ಬಂದರು. ಒಳ್ಳೆಯ ಬೆಳೆ. ಮೂಲೆ ತಟ್ಟೆಯೂ ಸೇರಿದಂತೆ ಒಂದು ಹುಳವೂ ಸೊರಗದ ಬೆಳೆ. ಅದನ್ನು ಕೇಳಿ ಅಶ್ವತ್ಥಮ್ಮನಿಗೆ ಸಂತೋಷವಾಗಬೇಕಿತ್ತು. ನಾನಿಲ್ಲದೆಯೂ ಬೆಳೆ ಬರುತ್ತದೆ ಅನ್ನುವುದು ಮಂಡಿಗಿಂತ ಹೆಚ್ಚು ನೋಯಿತು. ಮರುದಿನ ತಾವೇ ಫೋನ್ ಎತ್ತಿಕೊಂಡು ಚನ್ನರಾಯಪ್ಪನಿಗೆ ಕೂಗಿ ಹೇಳಿದರು.

“ಇನ್ನು ಹತ್ತು ದಿನ ಹುಳ ಇಲ್ಲ, ಅಷ್ಟರಲ್ಲಿ ಮುಗಿಸಬೇಕು. ಆಸ್ಪತ್ರೆಯಲ್ಲಿ ಇರುತ್ತಲ್ಲ ಅಂಥಾ ಕಂಬಿ ಬೇಡ. ನಮ್ಮ ಮಗಳು ಮಾನಸನ ಮನೇಲಿ ನೋಡಿದೀನಿ, ತೇಗದ್ದು, ಒಂದು ಮೊಳೆ ಕಾಣಲ್ಲ, ಒಂದು ಸ್ಕ್ರೂ ಕಾಣಲ್ಲ, ಗೋಡೆಗೆ ಹೆಂಗೆ ನಿಂತಿದೆ ಅಂತಲೇ ಗೊತ್ತಾಗಲ್ಲ. ಅಂಥದ್ದು ಬೇಕು.”

ಸುನಂದ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಕೋಲು ಹಾಗೇ ನಿಂತಿತು. ಹೊರಗೆ ಬಂದು ತುಂಬಾ ಮರ್ಯಾದೆಯಿಂದ ಮಾತಾಡಿದಳು.

“ಮೊಳೆ ಕಾಣಬಾರದು ಅಂದ್ರೆ ಅಂಟು ಹಾಕ್ಬೇಕು, ಅದರ ವಾಸನೆ ನಿಮಗೆ ಆಗಲ್ಲ ಅತ್ತೆ. ಎರಡು ದಿನ ಮುಳಬಾಗಿಲಿಗೆ ಮಾನಸನ ಮನೆಗೆ ಹೋಗಿ ಬನ್ನಿ. ಹಾಗೇ ಕುರುಡುಮಲೆಗೂ ಹೋಗಿ ಗಣೇಶನಿಗೆ ಕೈ ಮುಗಿದು ಬನ್ನಿ. ಕೆಲಸ ನಾನು ನಿಂತು ಮಾಡಿಸ್ತೀನಿ.”

ಸೊಸೆ ದಾರಿಗೆ ಬಂದಳು ಅಂತ ಅಶ್ವತ್ಥಮ್ಮ ಹಿಗ್ಗಿದರು. ಮಗಳ ಮನೆಗೆ ಗಂಡನನ್ನೂ ಹೊರಡಿಸಿಕೊಂಡು ಹೋದರು.

ಚನ್ನರಾಯಪ್ಪ ಡ್ರಿಲ್ ಮೆಷಿನ್ ಹಿಡಿದು ಬಂದ. ಎಂಟು ವರ್ಷದ ಹಿಂದೆ ತನ್ನನ್ನು ತಡೆದ ಗೇಟನ್ನು ಈಗ ದಾಟಿದ. ಗೋಡೆಗೆ ಆಳವಾದ ತೂತು ಹಾಕಿ, ಧೂಳು ಊದಿ ತೆಗೆದು, ಅಂಟು ತುಂಬಿ, ಉಕ್ಕಿನ ಸರಳು ತಿರುಗಿಸಿ ಕೂರಿಸಿದ. ತೇಗದ ಹಿಡಿಕೆಯ ಬೆನ್ನಿಗೆ ಅದೇ ಅಳತೆಗೆ ಅರ್ಧದವರೆಗೆ ಮಾತ್ರ ತೂತು. ನಾಳೆ ಅಂಟು ಒಣಗಿ ಕಲ್ಲಾದ ಮೇಲೆ ಹಿಡಿಕೆಯನ್ನು ಸರಳಿನ ತುದಿಗಳಿಗೆ ನುಗ್ಗಿಸಿದರೆ ಮುಗಿಯಿತು, ಹೊರಗೆ ಏನೂ ಕಾಣುವುದಿಲ್ಲ.

“ಐದು ಸರಳು ಸಾಕಮ್ಮ,” ಅಂದ.

“ಏಳು ಹಾಕಿ.”

ಮರುದಿನ ಸಂಜೆ ಹಿಡಿಕೆ ಕೂತ ಮೇಲೆ ಸುನಂದ ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲಕ್ಕೆತ್ತಿ ನೇತುಬಿದ್ದಳು. ಕೂದಲೆಳೆಯಷ್ಟೂ ಅಲುಗಲಿಲ್ಲ. ಅತ್ತೆ ಬೀಳಲಿ ಅಂತ ಅವಳಿಗೆ ಇರಲಿಲ್ಲ. ಆ ಮೆಟ್ಟಿಲ ಮೇಲೆ ಬಿದ್ದರೆ ಏನಾಗುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಳುತ್ತೇನೆ ಅನ್ನುವ ಭಯ ಮಾತ್ರ ಅತ್ತೆಗೆ ಬೇಕಾದಷ್ಟು ಇರಲಿ ಅಂದುಕೊಂಡಳು.

ಚನ್ನರಾಯಪ್ಪ ಸಾಮಾನು ಕಟ್ಟುತ್ತಾ ತಡವರಿಸಿದ. “ಅವತ್ತು ನಾನು ನಿಮ್ಮ ಯಜಮಾನ್ರ ಹತ್ರ ನಿಜ ಹೇಳ್ಬೇಕಿತ್ತು ತಾಯಿ.”

“ಹೇಳ್ಬೇಕಾದೋರು ನೀವಲ್ಲ ಬಿಡಿ. ನನಗೊಂದು ಉಪಕಾರ ಮಾಡಿ. ಇದರೊಳಗೆ ಏನು ಹಾಕಿದೀರಿ, ಎಷ್ಟು ಹಾಕಿದೀರಿ ಅಂತ ಯಾರು ಕೇಳಿದ್ರೂ, ಸುನಂದಮ್ಮ ಹೇಳಿದ ಹಾಗೆ ಮಾಡಿದೀನಿ, ಅವರನ್ನೇ ಕೇಳಿ ಅನ್ನಿ. ಅಷ್ಟೇ.”

ಅಶ್ವತ್ಥಮ್ಮ ಮರುದಿನ ಮಧ್ಯಾಹ್ನ ಬಂದರು. ರೇಲಿಂಗ್ ನೋಡಿ ಚಪ್ಪಲಿ ಬಿಡುವುದನ್ನೂ ಮರೆತರು. ನುಣ್ಣನೆಯ ಮರವನ್ನು ಸವರಿದರು, ಮಗುವಿನ ಬೆನ್ನು ಸವರಿದ ಹಾಗೆ. ಸೀರೆ ಎತ್ತಿ ಕಟ್ಟಿ ಒಂದು ಮೆಟ್ಟಿಲು ಹತ್ತಿದರು. ಇನ್ನೊಂದು ಹತ್ತಿದರು. ಮೂರನೆಯದಕ್ಕೆ ಕಾಲು ಎತ್ತುವಾಗ ಹಿಡಿಕೆಯ ಕೆಳಗೆ ಬಗ್ಗಿ ನೋಡಿದರು.

“ಇದು ಯಾವುದರ ಮೇಲೆ ನಿಂತಿದೆಯೇ?”

“ಒಳಗಿದೆ ಅತ್ತೆ,” ಅಂದಳು ಸುನಂದ ಮೇಲಿನ ಮೆಟ್ಟಿಲಿಂದ.

“ಒಳಗೆ ಅಂದ್ರೆ ಏನು ಹಾಕ್ಸಿದೀಯ?”

“ಕಾಣಬಾರದು ಅಂದೋರು ನೀವಲ್ವಾ?”

“ಗಟ್ಟಿ ಇದೆಯಾ?”

ಸುನಂದ ಅತ್ತೆಯ ಮುಖ ನೋಡಿದಳು. ಏಳು ಸರಳಿನ ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಅವಳು ಮೇಲೆ ಹೋಗಿ ಹುಳದ ಮನೆಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯತೊಡಗಿದಳು. ಅಶ್ವತ್ಥಮ್ಮ ಗೋಡೆಗೆ ಆತುಕೊಂಡು, ಹಿಡಿಕೆ ಮುಟ್ಟದೆ, ಕುಂಡಿಯ ಮೇಲೆ ಕೂತು ಜಾರಿಕೊಂಡು ಇಳಿದರು.

ಅಂದಿನಿಂದ ಅದೇ ಕೆಲಸ. ಮೊದಲು ಗಂಡನ ಕೈಯಲ್ಲಿ ಎಳೆಸಿ ನೋಡಿದರು. ಗಟ್ಟಿಯಾಗಿಯೇ ಇತ್ತು. ನೀವು ಇರೋದು ಹಿಡಿಯಷ್ಟು, ನಾನು ಎಪ್ಪತ್ತೈದು ಕೇಜಿ ಅಂದರು. ಮಗ ಪಾಳಿ ಮುಗಿಸಿ ಬಂದವನು ಒಂದು ತುದಿಯಿಂದ ಇನ್ನೊಂದು ತುದಿಗೆ ಜಗ್ಗುತ್ತಾ ಹೋದ.

“ಬಂಡೆ ತರ ಇದೆ ಕಣಮ್ಮ. ಬಾ ಹತ್ತು, ನಾನು ಹಿಂದೆ ಇರ್ತೀನಿ.”

“ಇವತ್ತು ಗಟ್ಟಿ ಇರುತ್ತೆ. ಅಂಟು ಕಣೋ ಅದು. ಯಾವತ್ತು ಬಿಟ್ಕೊಳ್ಳುತ್ತೋ ಯಾರಿಗೆ ಗೊತ್ತು?”

ಚನ್ನರಾಯಪ್ಪನಿಗೆ ಫೋನ್ ಮಾಡಿದರು. ಸುನಂದಮ್ಮ ಹೇಳಿದ ಹಾಗೆ ಮಾಡಿದೀನಿ, ಅವರನ್ನೇ ಕೇಳಿ ಅಂದ. ಅಶ್ವತ್ಥಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಬೇಕಾದರೆ ಸೊಸೆಯನ್ನು ಬೈಯಬಹುದಿತ್ತು. ಬೈದು ರೂಢಿಯಿದ್ದ ಬಾಯಿ. ಆದರೆ ಏನಂತ ಬೈಯುವುದು? ಅದೂ ಅಲ್ಲದೆ ಮುಂದಿನ ಬುಧವಾರ ಚಾಕಿ ಹುಳ ಬರುವುದಿತ್ತು. ಎಳೆ ಹುಳ ಮನೆಗೆ ಬರುವ ದಿನ ಮೊದಲ ಸೊಪ್ಪು ಹಾಕುವುದು ಅವರ ಕೈ. ಈ ವರ್ಷ ಆಗಲೇ ಎರಡು ಬೆಳೆಗೆ ಆ ಕೈ ತಪ್ಪಿತ್ತು.

ಭಾನುವಾರ ಮಗಳು ಮಾನಸ ಬಂದಳು. ನಾಟಿ ಕೋಳಿ ಸಾರು, ಮುದ್ದೆ ಮಾಡಿದ್ದರು. ಎಲ್ಲರೂ ಊಟಕ್ಕೆ ಕೂತರು. ಸುನಂದ ಬಡಿಸಲು ನಿಂತಳು.

“ಏನಮ್ಮ, ಇಷ್ಟು ಚೆನ್ನಾಗಿ ಮಾಡ್ಸಿದಾರೆ, ನೀನಿನ್ನೂ ಹತ್ತೇ ಇಲ್ವಂತೆ?” ಅಂದಳು ಮಾನಸ.

“ಅದು ಸಡಿಲ ಇದೆ.”

“ಇಲ್ಲ ಅತ್ತೆ, ಎಲ್ಲರೂ ಎಳೆದು ನೋಡಿದ್ದಾಯ್ತು,” ಅಂದಳು ಮೇಘನ, ಸೋದರತ್ತೆಗೆ. “ಅಮ್ಮ ಬೇಕು ಅಂತ ಸಡಿಲ ಬಿಡ್ಸಿದಾಳೆ ಅಂತಾರೆ ಅಜ್ಜಿ, ನನ್ನ ಹತ್ರ ಹೇಳಿದ್ರು.”

ವೇಣುಗೋಪಾಲ್ ತಲೆ ಎತ್ತಿದ. “ಅಮ್ಮ, ಏನು ಮಾತು ಇದು?”

“ನಿಂಗೊತ್ತಿಲ್ಲ ಸುಮ್ನಿರೋ.”

“ಏನು ಗೊತ್ತಿಲ್ಲ? ಅವಳು ಯಾಕೆ ಹಾಗೆ ಮಾಡ್ತಾಳೆ?”

“ಮಾಡ್ತಾಳೆ.”

“ಅದೇ, ಯಾಕೆ ಅಜ್ಜಿ?” ಅಂದಳು ಮೇಘನ. ಹದಿನಾಲ್ಕು ವರ್ಷದ ಹುಡುಗಿ, ಅಜ್ಜಿಯ ಕಣ್ಣನ್ನೇ ನೋಡುತ್ತಿದ್ದಳು. “ಅಮ್ಮ ಫೋನ್ ನೋಡ್ಕೊಂಡು ತಾನೇ ಬಿದ್ದಿದ್ದಲ್ವಾ? ನಿಮ್ಮದೇನೂ ತಪ್ಪಿಲ್ವಲ್ಲ. ಮತ್ತೆ ನಿಮ್ಮ ಮೇಲೆ ಅವಳಿಗೆ ಯಾಕೆ ಕೋಪ?”

ಅಶ್ವತ್ಥಮ್ಮ ಸೊಸೆಯ ಕಡೆ ನೋಡಿದರು. ಸುನಂದ ಸಾರಿನ ಪಾತ್ರೆ ಹಿಡಿದು ಗೋಡೆ ಪಕ್ಕ ನಿಂತಿದ್ದಳು. ಒಂದು ಮಾತು ಅಂದಿದ್ದರೆ ಅಶ್ವತ್ಥಮ್ಮ ಅದನ್ನೇ ಹಿಡಿದು ಜಗಳ ತೆಗೆದು ಪಾರಾಗುತ್ತಿದ್ದರು.

“ಬಡಗಿ ಬಂದಿದ್ದ,” ಅಂದರು ಅಶ್ವತ್ಥಮ್ಮ.

“ಯಾವಾಗ?”

“ಅವಾಗ. ನಾನೇ ಕಳಿಸ್ಬಿಟ್ಟೆ.”

ಕೋದಂಡರಾಮಪ್ಪನ ಬಾಯಿಂದ ಪೋನೀಲೇ ಬರಲಿಲ್ಲ.

“ನಿಮ್ಮ ಮಗನಿಗೆ ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ,” ಅಂದಳು ಸುನಂದ. “ಇನ್ನೊಂದು ಸಲ ಹೇಳಿ.”

“ಹುಳ ಜ್ವರದಲ್ಲಿರ್ಲಿಲ್ಲ. ಸುಳ್ಳು ಹೇಳಿ ಕಳಿಸಿದೆ. ಫೋನೂ ಅವಳ ಕೈಯಲ್ಲಿ ಇರ್ಲಿಲ್ಲ. ಅವಳು ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಇದನ್ನ ಮಾಡ್ಸಿದಾಳೆ. ನಾನಾಗಿದ್ರೂ ಮಾಡ್ತಿದ್ದೆ.”

“ನನ್ನ ಗಂಡನ ಮನೆಯವರ ಮುಂದೆಲ್ಲ ಫೋನ್ ಕಥೆ ಹೇಳಿದ್ಯಲ್ಲಮ್ಮ,” ಅಂದಳು ಮಾನಸ. “ನಾನೂ ಅತ್ತಿಗೇನ ಬೈದಿದ್ದೆ.”

ವೇಣುಗೋಪಾಲ್ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅರ್ಧ ಮುದ್ದೆ ಹಾಗೇ ಇತ್ತು. ಅಮ್ಮನ ಮುಖವನ್ನೂ ನೋಡಲಿಲ್ಲ, ಹೆಂಡತಿಯ ಮುಖವನ್ನೂ ನೋಡಲಿಲ್ಲ. ಹೆಂಡತಿಯ ಮುಖ ನೋಡಲು ಅವನಿಗೆ ಇನ್ನೂ ಎಷ್ಟೋ ದಿನ ಬೇಕಾಯಿತು.

“ಹೇಳಿದ್ನಲ್ಲ,” ಅಂದರು ಅಶ್ವತ್ಥಮ್ಮ. “ಇನ್ನಾದ್ರೂ ಹೇಳು. ಗಟ್ಟಿ ಇದೆಯಾ ಅದು?”

“ಗಟ್ಟಿ ಇದೆ ಅತ್ತೆ. ಐದು ಸಾಕು ಅಂದ್ರು, ಏಳು ಸರಳು ಹಾಕ್ಸಿದೀನಿ. ನಾನೇ ನೇತಾಡಿ ನೋಡಿದೀನಿ.” ಅಷ್ಟು ಹೇಳಿ ಸುನಂದ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಬುಧವಾರ ಬೆಳಗ್ಗೆ ಚಾಕಿ ಹುಳ ಬಂತು. ಅಶ್ವತ್ಥಮ್ಮ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಮಡಿಲಲ್ಲಿ ಎಳೆಸೊಪ್ಪು ಇಟ್ಟುಕೊಂಡು ಮೆಟ್ಟಿಲ ಬುಡಕ್ಕೆ ಬಂದು ನಿಂತರು. ಬಲಗೈ ಹಿಡಿಕೆಯ ಮೇಲಿತ್ತು. ಸುನಂದ ಹುಳದ ತಟ್ಟೆ ಹೊತ್ತು ಪಕ್ಕದಲ್ಲೇ ಹತ್ತಿಹೋಗುತ್ತಿದ್ದಳು.

“ಲೇ ಸುನಂದ. ಗಟ್ಟಿ ಇದೆ ಅಂದ್ಯಲ್ಲ, ನಿಜ ತಾನೆ?”

“ನಿಮ್ಮ ಹತ್ರ ನಾನು ಯಾವತ್ತೂ ಸುಳ್ಳು ಹೇಳಿಲ್ಲ ಅತ್ತೆ. ಆ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಅವಳು ಹತ್ತಿ ಹೋದಳು. ಮೊದಲ ಸೊಪ್ಪು ಅವಳೇ ಹಾಕಿದಳು.

ಅಶ್ವತ್ಥಮ್ಮ ಒಂದು ಕಾಲು ಎತ್ತಿ ಮೆಟ್ಟಿಲ ಮೇಲೆ ಇಟ್ಟು, ಮತ್ತೆ ಕೆಳಗಿಟ್ಟರು. ಆ ಬೆಳೆಗೆ ಅವರು ಮೇಲೆ ಹೋಗಲಿಲ್ಲ. ಅದರ ಮುಂದಿನ ಬೆಳೆಗೂ ಹೋಗಲಿಲ್ಲ. ಮಗ ನಂಬಿಸಿ ನೋಡಿದ, ಮಗಳು ನಂಬಿಸಿ ನೋಡಿದಳು. ಏಳು ಸರಳು ಗೋಡೆಯೊಳಗೆ ಗಟ್ಟಿಯಾಗಿ ಕೂತಿದ್ದವು, ಅವರಿಗೆ ಕಾಣಲಿಲ್ಲ. ನಾನಾಗಿದ್ದರೆ ಸಡಿಲ ಬಿಡಿಸುತ್ತಿದ್ದೆ ಅನ್ನುವುದೊಂದೇ ಕಾಣುತ್ತಿತ್ತು. ಸುನಂದಳಿಗೆ ಇದರಿಂದ ಸಂತೋಷವಾಯಿತೇ ಅಂತ ಕೇಳಿದರೆ, ಆಯಿತು. ಹೋದ ಮಗು ಬರಲಿಲ್ಲ, ಅದು ಬೇರೆ ಮಾತು.